ಗಿರಣಿ ಗೋಡೆಗೆ ಒಂದು ಪುಸ್ತಕದ ಕಪಾಟು: ಕಟ್ಟಿದ ಬಗೆ, ಪಟ್ಟಿ ಎತ್ತಿದ ಲೆಕ್ಕ

ವಿಜಯಪುರದ ನಮ್ಮ ಓಣಿಯಲ್ಲಿ ಈಗ ಕೀಲಿ ಇಲ್ಲದ ಒಂದು ಪುಸ್ತಕದ ಕಪಾಟು ನಿಂತಿದೆ. ಬೇಕಾದ ಪುಸ್ತಕ ಒಯ್ಯಬಹುದು. ಓದಿ ತಂದಿಡಬಹುದು, ಇಲ್ಲವೇ ಮನೆಯಲ್ಲಿ ಸುಮ್ನೆ ಕೂತಿರುವ ಬೇರೊಂದನ್ನು ತಂದಿಡಬಹುದು. ಹೆಸರು ಬರೆಸಬೇಕಿಲ್ಲ, ಶುಲ್ಕ ಇಲ್ಲ. ಬೇರೆ ಓಣಿಯವರು ಬಂದು ನೋಡಿ, ನಾವೂ ಮಾಡಬೇಕು, ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ. ಅವರಿಗಾಗಿ ಇದನ್ನು ಬರೆದಿಡುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪುಸ್ತಕ ಕೂಡಿಸುವುದು ಸುಲಭ. ಕೇಳಿದರೆ ಸಾಕು, ಜನ ಚೀಲ ತುಂಬಿ ತಂದು ಕೊಡುತ್ತಾರೆ. ಕಷ್ಟ ಇರುವುದು ಅವನ್ನು ಉಳಿಸುವುದರಲ್ಲಿ. ನಮ್ಮೂರಿನ ಬಿಸಿಲು, ಧೂಳು, ಹುಳ, ಕಪ್ಪು ಯರಿ ಮಣ್ಣು, ಈ ನಾಲ್ಕೂ ಪುಸ್ತಕಕ್ಕೆ ಆಗುವುದಿಲ್ಲ. ಹಾಗಾಗಿ ನಮ್ಮ ದುಡಿಮೆ ಮತ್ತು ಕೂಡಿದ ಹಣ ಎರಡರಲ್ಲೂ ದೊಡ್ಡ ಪಾಲು ಉಳಿಸುವ ಕೆಲಸಕ್ಕೆ ಹೋಯಿತು. ಅದು ಹಾಗೇ ಇರಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಜಾಗ ಮತ್ತು ನಕ್ಷೆ

ಇಂಥ ಸಣ್ಣ ಪೆಟ್ಟಿಗೆಗಳು ಈಗ ಬಹಳ ದೇಶಗಳಲ್ಲಿವೆ. 2009ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಹಡ್ಸನ್ ಎಂಬ ಊರಲ್ಲಿ ಟಾಡ್ ಬೋಲ್ ಅನ್ನುವವರು ಶಿಕ್ಷಕಿಯಾಗಿದ್ದ ತಮ್ಮ ತಾಯಿಯ ನೆನಪಿಗೆ ಶಾಲೆಯ ಆಕಾರದ ಒಂದು ಪೆಟ್ಟಿಗೆ ಮಾಡಿ ಮನೆ ಮುಂದೆ ನಿಲ್ಲಿಸಿದರು. ಅಲ್ಲಿಂದ ‘ಲಿಟಲ್ ಫ್ರೀ ಲೈಬ್ರರಿ’ ಬೆಳೆಯಿತು. ಅದರ ನಕ್ಷೆಗಳು ಇಂಟರ್ನೆಟ್ಟಿನಲ್ಲಿ ಸಿಗುತ್ತವೆ. ಚಂದ ಇವೆ, ಆದರೆ ಹಿಮ ಬೀಳುವ ಊರಿಗೆ ಹೊಂದುವಂಥವು. ಮರದ ಪೆಟ್ಟಿಗೆ, ಅದರ ಕೆಳಗೆ ಒಂದೇ ಕಂಬ. ಇಲ್ಲಿ ಮರ ಇಟ್ಟರೆ ಗೆದ್ದಲು ಹತ್ತುತ್ತದೆ, ಒಂದೇ ಕಂಬ ನೆಟ್ಟರೆ ಯರಿ ಮಣ್ಣಿನಲ್ಲಿ ವಾಲುತ್ತದೆ. ಹಾಗಾಗಿ ನಕ್ಷೆ ನಾವೇ ಹಾಕಿಕೊಂಡೆವು.

ಜಾಗ ಹುಡುಕುವಾಗ ಗುಡಿ ಕಟ್ಟೆ, ಉದ್ಯಾನದ ಗೇಟು, ಚಹಾದ ಅಂಗಡಿ ಎಲ್ಲವೂ ಮಾತಿಗೆ ಬಂದವು. ರಸ್ತೆ ಬದಿ ಅಂದರೆ ಪಾಲಿಕೆಯ ಜಾಗ, ಲಿಖಿತ ಅನುಮತಿ ಬೇಕು. ಕೊನೆಗೆ ಹಿಟ್ಟಿನ ಗಿರಣಿಯ ಕಾಕಾ ತಮ್ಮ ಕಂಪೌಂಡಿನ ಹೊರಮೂಲೆ ಕೊಟ್ಟರು. ಇದಕ್ಕಿಂತ ಒಳ್ಳೆಯ ಜಾಗ ಇಲ್ಲ ಅಂತ ಈಗ ಗೊತ್ತಾಗುತ್ತಿದೆ. ಜೋಳದ ಡಬ್ಬಿ ಇಟ್ಟು ಪಾಳಿಗೆ ಕಾಯುವವರ ಕೈ ಖಾಲಿ ಇರುತ್ತದೆ. ಅಕ್ಕಾರು ಬರುತ್ತಾರೆ, ಸಾಲಿ ಬಿಟ್ಟ ಮೇಲೆ ಮಕ್ಕಳು ಬರುತ್ತಾರೆ, ವಯಸ್ಸಾದವರು ಬರುತ್ತಾರೆ. ಎಲ್ಲರೂ ವಾರಕ್ಕೊಮ್ಮೆಯಾದರೂ ಗಿರಣಿಗೆ ಬರಲೇಬೇಕು, ಅಲ್ವಾ?

ಓಣಿಯ ಹಿರಿಯರೊಬ್ಬರು ಸರಿಯಾದ ಪ್ರಶ್ನೆಯನ್ನೇ ಕೇಳಿದರು. “ಮನಿ ತೆರಿಗಿ ಜೋಡಿ ಗ್ರಂಥಾಲಯದ ಕರಾನೂ ಕಟ್ತೀವಿ. ಮತ್ತ ಇದ್ಯಾಕ್ರಿ?” ಅವರು ಹೇಳಿದ್ದು ನಿಜ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಶೇಕಡಾ 6ರಷ್ಟು ಗ್ರಂಥಾಲಯ ಕರ ಸೇರುತ್ತದೆ. ಊರಲ್ಲಿ ಸರಕಾರಿ ಗ್ರಂಥಾಲಯ ಇದೆ, ನಾವೂ ಹೋಗುತ್ತೇವೆ. ಆದರೆ ಹಿಟ್ಟಿನ ಡಬ್ಬಿ ಹೊತ್ತ ಹತ್ತು ವರ್ಷದ ಹುಡುಗಿ ಅಲ್ಲಿಯವರೆಗೆ ಹೋಗುವುದಿಲ್ಲ. ಆ ಹುಡುಗಿಗಾಗಿ ಈ ಕಪಾಟು. ಇಷ್ಟು ಹೇಳಿದಾಗ ಆ ಹಿರಿಯರೇ ಮೊದಲ ಪಟ್ಟಿ (ವಂತಿಗೆ) ಬರೆಸಿದರು.

ಗಿರಣಿಯ ಜಾಗಕ್ಕೆ ಒಂದು ತೊಂದರೆ ಇದೆ. ಹಾರುವ ಹಿಟ್ಟು ಪುಸ್ತಕದ ಮೇಲೆ ಕೂತರೆ ತೇವ ಹಿಡಿಯುತ್ತದೆ, ಹುಳಕ್ಕೆ ಊಟ ಆಗುತ್ತದೆ. ಅದಕ್ಕೇ ಗಿರಣಿ ಬಾಗಿಲಿಂದ ದೂರದ, ಕಂಪೌಂಡಿನ ಉತ್ತರದ ಗೋಡೆಯ ಹೊರಮೈ ಆರಿಸಿದೆವು. ಕಪಾಟಿನ ಬೆನ್ನು ಗೋಡೆಗೆ, ಮುಖ ಉತ್ತರಕ್ಕೆ. ದಕ್ಷಿಣದ ಬಿಸಿಲನ್ನು ಗೋಡೆಯೇ ತಡೆಯುತ್ತದೆ. ಆದರೆ ನಮ್ಮೂರಲ್ಲಿ ಮೇ ಮೊದಲ ವಾರದ ಕೊನೆಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆಮೇಲೆ ಆಗಸ್ಟ್ ಶುರುವಿನವರೆಗೆ ನಡುಹಗಲಲ್ಲಿ ತುಸು ಉತ್ತರಕ್ಕೇ ಇರುತ್ತಾನೆ. ಉತ್ತರದ ಬಾಗಿಲು ಅಂದರೆ ಬಿಸಿಲೇ ಬೀಳುವುದಿಲ್ಲ ಅಂತ ತಿಳಿಯಬಾರದು. ಮುಂದೆ ಒಂದು ಅಡಿ ಚಾಚಿದ ಮಾಡು ಬೇಕೇ ಬೇಕು.

ಬುನಾದಿ

ಯರಿ ಮಣ್ಣಿನ ಗುಣ ಇಲ್ಲಿಯವರಿಗೆಲ್ಲ ಗೊತ್ತು. ಮಳೆ ಬಂದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಹೋಗುವಷ್ಟು ಬಿರಿಯುತ್ತದೆ. ಅದರ ಮೇಲೆ ನಿಂತದ್ದೆಲ್ಲ ಜೊತೆಗೆ ಏರಿಳಿಯುತ್ತದೆ. ನಾಲ್ಕು ಕಾಲಿಗೆ ನಾಲ್ಕು ಬೇರೆ ಕುಣಿ ತೋಡಿದರೆ ಒಂದೊಂದು ಕಾಲು ಒಂದೊಂದು ರೀತಿ ಏಳುತ್ತದೆ, ಚೌಕಟ್ಟು ತಿರುಚುತ್ತದೆ, ಮೊದಲ ಮಳೆಗಾಲ ಮುಗಿಯುವುದರೊಳಗೆ ಬಾಗಿಲು ಕೂಡುವುದಿಲ್ಲ. ನಮ್ಮ ಗೌಂಡಿ ಮಾಮಾ ಹೇಳಿದ ದಾರಿ ಸರಳವಾಗಿತ್ತು. ಏಳುವುದಾದರೆ ಇಡೀ ಕಪಾಟು ಒಟ್ಟಿಗೆ ಏಳಲಿ, ಇಳಿಯುವುದಾದರೆ ಒಟ್ಟಿಗೆ ಇಳಿಯಲಿ.

ಕಪಾಟಿನ ಅಗಲಕ್ಕಿಂತ ಸುತ್ತಲೂ ಒಂದು ಅಡಿ ಜಾಸ್ತಿ ಬಿಟ್ಟು, ಎರಡೂವರೆ ಅಡಿ ಆಳ ತೋಡಿ ಯರಿ ಮಣ್ಣು ತೆಗೆದೆವು. ಕೆಳಗೆ ಗರಸು, ಅಂದರೆ ಉಬ್ಬದ ಜಲ್ಲಿಮಣ್ಣು, ತುಂಬಿದೆವು. ಒಮ್ಮೆಲೇ ಸುರಿಯಬಾರದು. ನಾಲ್ಕು ಇಂಚಿನ ಪದರ ಹಾಕಿ, ನೀರು ಚಿಮುಕಿಸಿ, ಧಮ್ಮಸ್ಸು ಮಾಡಿ, ಆಮೇಲೆ ಮುಂದಿನ ಪದರ. ಮೇಲಿನ ಎಂಟು ಇಂಚಿಗೆ ಒಂದು ಪಾಲು ಸಿಮೆಂಟು, ಎರಡು ಪಾಲು ಉಸುಕು, ನಾಲ್ಕು ಪಾಲು ಖಡಿ, ನಡುವೆ ಕಬ್ಬಿಣದ ಸರಳಿನ ಜಾಳಿಗೆ. ಹಸಿ ಇರುವಾಗಲೇ ನಾಲ್ಕು ಬೋಲ್ಟು ತಲೆಕೆಳಗಾಗಿ ಹೂತೆವು. ಮೇಲ್ಮೈ ರಸ್ತೆಯ ಕಡೆ ಇಳಿಜಾರು, ನೀರು ಕಾಲ ಬುಡದಲ್ಲಿ ನಿಲ್ಲಬಾರದು. ವಾರವಿಡೀ ಗೋಣಿಚೀಲ ಹೊದಿಸಿ ನೀರು ಹೊಡೆಯುವ ಕೆಲಸವನ್ನು ಗಿರಣಿಗೆ ಬರುವ ಹುಡುಗರೇ ವಹಿಸಿಕೊಂಡರು.

ಈ ವರ್ಷದ ಮಳೆ ಮುಗಿದ ಮೇಲೆ ಮಟ್ಟಗೋಲು ಇಟ್ಟು ನೋಡಿದ್ದೇವೆ. ಗುಳ್ಳೆ ನಡುವೆ ನಿಂತಿದೆ.

ಗುಜರಿಯ ಕಪಾಟಿಗೆ ಹೊಸ ಮೈ

ಹೊಸ ಕಬ್ಬಿಣ ತಂದು ಪೆಟ್ಟಿಗೆ ಮಾಡಿಸಬಹುದಿತ್ತು. ಆದರೆ ಗುಜರಿ ಅಂಗಡಿಯಲ್ಲಿ ಆಫೀಸಿನ ಹಳೆಯ ಸ್ಟೀಲ್ ಕಪಾಟೊಂದು ಸಿಕ್ಕಿತು. 78 ಇಂಚು ಎತ್ತರ, 36 ಅಗಲ, 19 ಆಳ, ಎಲ್ಲ ಆಫೀಸಿನಲ್ಲೂ ಕಾಣುವ ಅದೇ ಅಳತೆ. ಇಂಥದ್ದನ್ನೇ ಹುಡುಕಿ. ಹಳೆಯ ಕಪಾಟಿನ ತಗಡು ದಪ್ಪ ಇರುತ್ತದೆ. ಗೇಜ್ ಲೆಕ್ಕದಲ್ಲಿ ಅಂಕಿ ಸಣ್ಣದಾದಷ್ಟೂ ತಗಡು ದಪ್ಪ. 20ರದ್ದು ಸುಮಾರು 0.9 ಮಿಲಿಮೀಟರ್, 18ರದ್ದು ಸುಮಾರು 1.2. ಅದಕ್ಕಿಂತ ತೆಳುವಾದದ್ದು ರಸ್ತೆಯಲ್ಲಿ ನಿಲ್ಲುವ ಕಪಾಟಿಗೆ ಬೇಡ.

ತಳ ತುಕ್ಕು ಹಿಡಿದು ಜರಡಿಯಾಗಿತ್ತು. ವೆಲ್ಡಿಂಗ್ ಅಂಗಡಿಯಲ್ಲಿ ಕೆಳಗಿನ ಒಂದೂವರೆ ಅಡಿ ಕೊಯ್ದು ತೆಗೆದು, ಗಟ್ಟಿ ತಗಡಿನ ಹೊಸ ತಳ ಹಾಕಿಸಿದೆವು. ಕೆಳಗೆ ಆ್ಯಂಗಲ್‌ನ ಕಾಲು. ಈಗ ಮೇಲಿನ ಅಂಚು ಸುಮಾರು ಆರು ಅಡಿಗೆ ಬರುತ್ತದೆ. ಕೆಳಗಿನ ಎರಡು ಸಾಲು ಮಕ್ಕಳ ಕೈಗೆ ಸಿಗುತ್ತವೆ, ಅಲ್ಲಿ ಮಕ್ಕಳ ಪುಸ್ತಕವೇ ಇಡುತ್ತೇವೆ.

19 ಇಂಚಿನ ಆಳ ಪುಸ್ತಕಕ್ಕೆ ಜಾಸ್ತಿ. ಎರಡು ಸಾಲು ಇಟ್ಟರೆ ಹಿಂದಿನದು ಕಾಣುವುದೇ ಇಲ್ಲ, ಕಾಣದ ಪುಸ್ತಕ ಯಾರೂ ಒಯ್ಯುವುದಿಲ್ಲ. ಹಾಗಂತ ಕೊಯ್ದು ತೆಳ್ಳಗೆ ಮಾಡಲಿಲ್ಲ. ಮುಂದಿನಿಂದ 11 ಇಂಚು ಬಿಟ್ಟು ಒಳಗೆ ಇನ್ನೊಂದು ಬೆನ್ನುಹಲಗೆ ನಿಲ್ಲಿಸಿದೆವು. ಅದರ ಹಿಂದೆ ಉಳಿದ 8 ಇಂಚು ಖಾಲಿ ಗಾಳಿಗೂಡು. ಕೆಳಗೂ ಮೇಲೂ ತೂತು ಇಟ್ಟರೆ ಕಾದ ಗಾಳಿ ತಾನಾಗಿ ಮೇಲೆ ಹೋಗಿ ಹೊರಬೀಳುತ್ತದೆ, ಕೆಳಗಿಂದ ತಣ್ಣನೆಯದು ಬರುತ್ತದೆ. ಕಲ್ಲಿನ ಗೋಡೆ ಹಗಲೆಲ್ಲ ಕಾದು ರಾತ್ರಿ ಬಿಸಿ ಬಿಡುತ್ತದೆ. ಆ ಬಿಸಿ ಪುಸ್ತಕದವರೆಗೆ ಬರದಂತೆ ಈ ಗೂಡು ತಡೆಯುತ್ತದೆ.

ಮಾಡಿಗೂ ಇದೇ ಉಪಾಯ. ಕಪಾಟಿನ ತಲೆಯ ಮೇಲೆ ಎರಡು ಇಂಚು ಸಂದು ಬಿಟ್ಟು ಬೇರೆಯದೇ ಜಿ.ಐ. (ಸತುವಿನ ಲೇಪದ ಕಬ್ಬಿಣ) ತಗಡಿನ ಮಾಡು, ಮೇಲೆ ಬಿಳಿ ಬಣ್ಣ. ಮುಂದಕ್ಕೆ ಒಂದು ಅಡಿ ಚಾಚು, ಪಕ್ಕಕ್ಕೆ ಆರು ಇಂಚು. ಸಂಜೆಯ ಬಿಸಿಲು ಬೀಳುವ ಪಶ್ಚಿಮದ ಪಕ್ಕಕ್ಕೂ ಸಂದು ಬಿಟ್ಟು ಒಂದು ತಗಡು ನಿಲ್ಲಿಸಿದ್ದೇವೆ, ಮಳೆಗಾಳಿಯೂ ಹೆಚ್ಚಾಗಿ ಆ ಕಡೆಯಿಂದಲೇ. ಮೇ ತಿಂಗಳ ಮಧ್ಯಾಹ್ನ ಒಳಗೊಂದು ಥರ್ಮಾಮೀಟರ್ ಇಟ್ಟು ನೋಡಿದಾಗ ಒಳಗಿನ ಬಿಸಿ ಹೊರಗಿನ ನೆರಳಿಗಿಂತ ಮೂರ್ನಾಲ್ಕು ಡಿಗ್ರಿ ಮಾತ್ರ ಜಾಸ್ತಿ ಇತ್ತು. ಮಾಡು ಹಾಕುವ ಮೊದಲು ಇದೇ ಕಪಾಟು ಮುಟ್ಟಿದರೆ ಕೈ ಸುಡುತ್ತಿತ್ತು.

ಬಿಸಿಗೆ ಇಷ್ಟು ತಲೆ ಕೆಡಿಸಿಕೊಳ್ಳಲು ಕಾರಣ ಇದೆ. ಈಗ ಬರುವ ಪುಸ್ತಕಗಳಲ್ಲಿ ಬಹಳಷ್ಟಕ್ಕೆ ಹೊಲಿಗೆ ಇರುವುದಿಲ್ಲ. ಹಾಳೆಗಳ ಬೆನ್ನಿಗೆ ಬಿಸಿ ಅಂಟು ಬಳಿದು ರಟ್ಟು ಕೂಡಿಸಿರುತ್ತಾರೆ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಕಾದು, ರಾತ್ರಿ ತಣಿದು, ಮತ್ತೆ ಕಾದು ಆ ಅಂಟು ಬಿರುಸಾಗುತ್ತದೆ. ಆಮೇಲೆ ಪುಸ್ತಕ ಅಗಲಿಸಿದ ಕೂಡಲೇ ಹಾಳೆಗಳು ಕೈಗೆ ಬರುತ್ತವೆ.

ಸಾಲುಗಳ ವಿಷಯ. ಡೆಮಿ 1/8 ಅಳತೆಯ ಪುಸ್ತಕ ಎಂಟೂವರೆ ಇಂಚು ಎತ್ತರ ಇರುತ್ತದೆ, ಕ್ರೌನ್ 1/8 ಸುಮಾರು ಏಳು. ಕನ್ನಡದ ಕತೆ, ಕಾದಂಬರಿ, ಕವಿತೆ ಹೆಚ್ಚಿನವು ಈ ಎರಡರಲ್ಲೇ ಬರುತ್ತವೆ. ಹತ್ತು ಇಂಚಿನ ಅಂತರ ಕೊಟ್ಟರೆ ಕೈ ಆಡುತ್ತದೆ. ಚಿತ್ರದ ಪುಸ್ತಕಕ್ಕೆ ತಳದ ಸಾಲು ಮಾತ್ರ 13 ಇಂಚು. ಒಂದು ಅಡಿ ಉದ್ದದ ಪುಸ್ತಕ ಆರೇಳು ಕಿಲೋ ತೂಗುತ್ತದೆ. ಮೂರು ಅಡಿಯ ಸಾಲಿಗೆ 20 ಕಿಲೋ ಆಯಿತು. ಹಳೆಯ ಕಪಾಟಿನ ಹಲಗೆಗಳು ನಡುವೆ ಬಾಗಿದ್ದವು. ತಟ್ಟಿ ನೆಟ್ಟಗೆ ಮಾಡಿ, ನಡುವೆ ಮೇಲಿಂದ ಕೆಳಗಿನವರೆಗೆ ಒಂದು ಅಡ್ಡಗೋಡೆ ಹಾಕಿ ಎರಡು ಖಣ ಮಾಡಿದೆವು. ಹಲಗೆಯ ಉದ್ದ ಅರ್ಧ ಆದರೆ ಬಾಗು ಅರ್ಧಕ್ಕೆ ನಿಲ್ಲುವುದಿಲ್ಲ, ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ದಪ್ಪ ಹಲಗೆ ಕೊಳ್ಳುವುದಕ್ಕಿಂತ ಇದು ಅಗ್ಗ.

ಬಾಗಿಲಿಗೆ ಗಾಜು ಬೇಕು, ಯಾಕೆಂದರೆ ಒಳಗಿನ ಪುಸ್ತಕ ಕಂಡರೇ ಜನ ಬಾಗಿಲು ತೆಗೆಯುವುದು. ಅಕ್ರಿಲಿಕ್ ಹಗುರ, ಆದರೆ ನಮ್ಮ ಧೂಳಿಗೆ ಒರೆಸಿ ಒರೆಸಿ ಮಂಕಾಗುತ್ತದೆ. ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇರುವ ಲ್ಯಾಮಿನೇಟೆಡ್ ಗಾಜು ಹಾಕಿದೆವು. ದುಬಾರಿ ಹೌದು. ಆದರೆ ಒಡೆದರೂ ಚೂರು ಉದುರುವುದಿಲ್ಲ, ಮಕ್ಕಳ ಕೈಗೆ ಅಪಾಯ ಇಲ್ಲ. ಬಣ್ಣ ಮಾಸಿಸುವ ನೇರಳಾತೀತ ಕಿರಣವನ್ನು ಆ ಪದರ ಬಹುಮಟ್ಟಿಗೆ ತಡೆಯುತ್ತದೆ. ಬಾಗಿಲಿನ ಸುತ್ತ ರಬ್ಬರ್ ಬೀಡಿಂಗ್, ಮುಚ್ಚಿಕೊಳ್ಳಲು ಮ್ಯಾಗ್ನೆಟ್. ಚಿಲಕ ಇಟ್ಟಿಲ್ಲ. ಗಾಳಿಯ ತೂತುಗಳೆಲ್ಲ ಮಾಡಿನ ನೆರಳಲ್ಲಿ ಕೆಳಮುಖವಾಗಿವೆ, ಎಲ್ಲಕ್ಕೂ ಸಣ್ಣ ಕಣ್ಣಿನ ಸ್ಟೀಲ್ ಜಾಳಿಗೆ.

ಬಣ್ಣದ ಕೆಲಸದಲ್ಲಿ ಅವಸರ ಬೇಡ. ತಂತಿಯ ಬ್ರಷ್ಷಿನಿಂದ ಸಡಿಲ ತುಕ್ಕು ತೆಗೆದು, ಎಮರಿ ಪೇಪರಿನಿಂದ ಉಜ್ಜಿ, ಒಣ ಬಟ್ಟೆಯಿಂದ ಒರೆಸಿ, ಅದೇ ದಿನ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಳಿಯಬೇಕು. ರಾತ್ರಿ ಬಿಟ್ಟರೆ ಬೆಳಿಗ್ಗೆ ಮತ್ತೆ ತುಕ್ಕಿನ ಹೊಗರು ಕಾಣುತ್ತದೆ. ಕೊಯ್ದ ಅಂಚು, ವೆಲ್ಡಿಂಗ್ ಬಿದ್ದ ಜಾಗಕ್ಕೆ ಎರಡು ಕೈ. ಅದು ಒಣಗಿದ ಮೇಲೆ ಎನಾಮಲ್ ಎರಡು ಕೈ, ಒಂದಕ್ಕೂ ಇನ್ನೊಂದಕ್ಕೂ ಒಂದು ದಿನ ಬಿಡುವು. ಬೋರ್ಡ್ ಬರೆಯುವ ಪೇಂಟರ್ ಅಣ್ಣ ಮೇಲ್ಗಡೆ ‘ಓದಿ, ದಾಟಿಸಿ’ ಅಂತ ಕನ್ನಡದಲ್ಲಿ ದುಂಡಗೆ ಬರೆದುಕೊಟ್ಟರು. ಅದನ್ನೇ ಕೆಳಗೆ ಉರ್ದುವಿನಲ್ಲಿ ಬೈಂಡಿಂಗ್ ಚಾಚಾ ಬರೆದರು. ಕೂಲಿ ಇಬ್ಬರೂ ತೆಗೆದುಕೊಳ್ಳಲಿಲ್ಲ.

ಪುಸ್ತಕಗಳ ರಿಪೇರಿ

ನನಗೆ ಅತಿ ಇಷ್ಟವಾದ ಭಾಗ ಇದು, ಸ್ವಲ್ಪ ಉದ್ದ ಬರೆಯುತ್ತೇನೆ.

ಬಂದ ಪುಸ್ತಕವನ್ನೆಲ್ಲ ಇಡಬಾರದು. ಹಳೆಯ ಪರೀಕ್ಷೆಯ ಗೈಡು, ಬದಲಾದ ಸಿಲಬಸ್ಸಿನ ಪಠ್ಯ, ಕಂಪನಿಯ ಡೈರಿ, ಇವೇ ರಾಶಿ ಬರುತ್ತವೆ. ಕೊಟ್ಟವರ ಮನಸ್ಸು ನೋಯಬಾರದು ಅಂತ ಇಟ್ಟರೆ ಕಪಾಟು ರದ್ದಿಯ ಗೂಡಾಗುತ್ತದೆ, ಒಮ್ಮೆ ನೋಡಿದವರು ಮತ್ತೆ ಬಾಗಿಲು ತೆಗೆಯುವುದಿಲ್ಲ. ಬೇಡದ್ದನ್ನು ರದ್ದಿಗೆ ಹಾಕಿ ಆ ದುಡ್ಡು ಬೈಂಡಿಂಗ್ ಡಬ್ಬಿಗೆ ಹಾಕುತ್ತೇವೆ ಅಂತ ಪುಸ್ತಕ ಇಸಿದುಕೊಳ್ಳುವಾಗಲೇ ಹೇಳುತ್ತೇವೆ. ಯಾರೂ ಬೇಜಾರು ಮಾಡಿಕೊಂಡಿಲ್ಲ.

ಅಟ್ಟದಿಂದ ಬಂದ ಒಂದು ಗಂಟಿನಲ್ಲಿ ಹುಳ ಇದ್ದವು. ಹಾಳೆಯ ನಡುವೆ ಸಣ್ಣ ತೂತು, ಬಿಚ್ಚಿದರೆ ಉದುರುವ ಪುಡಿ. ಇಂಥ ಪುಸ್ತಕ ಬಿಸಿಲಿಗೆ ಒಣಹಾಕಿದರೆ ಹಾಳೆ ಹಳದಿಯಾಗುತ್ತದೆ, ಒಳಗಿನ ತತ್ತಿ ಸಾಯುವ ಖಾತ್ರಿ ಇಲ್ಲ. ಚಳಿಯೇ ಒಳ್ಳೆಯ ಮದ್ದು. ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿ ಹೋಗದಂತೆ ಟೇಪು ಸುತ್ತಿ, ಮೈನಸ್ 18 ಡಿಗ್ರಿ ಇರುವ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಬೇಕು. ಹೊರಗೆ ತೆಗೆದ ಕೂಡಲೇ ಚೀಲ ಬಿಚ್ಚಬಾರದು. ಒಂದು ದಿನ ಹಾಗೇ ಬಿಟ್ಟು ಹೊರಗಿನ ಬಿಸಿಗೆ ಬಂದ ಮೇಲೆ ಬಿಚ್ಚಬೇಕು, ಇಲ್ಲದಿದ್ದರೆ ಹಾಳೆಯ ಮೇಲೇ ನೀರು ಕೂಡುತ್ತದೆ. ನಮ್ಮ ಓಣಿಯ ಐಸ್‌ಕ್ರೀಮ್ ಅಂಗಡಿಯ ಫ್ರೀಜರ್ ಚಳಿಗಾಲದಲ್ಲಿ ಅರ್ಧ ಖಾಲಿ ಇರುತ್ತದೆ. ಅಂಗಡಿಯವರು ಖುಷಿಯಿಂದ ಒಂದು ಮೂಲೆ ಬಿಟ್ಟುಕೊಟ್ಟರು.

ಬೈಂಡಿಂಗ್ ಚಾಚಾ ಜೀವನವಿಡೀ ಲೆಕ್ಕದ ಖಾತೆ, ಕುರಾನು, ಪುರಾಣ, ಸಾಲಿ ಪುಸ್ತಕ ಹೊಲಿದವರು. ಕಣ್ಣು ಮಂಜಾಗಿ ಅಂಗಡಿ ಮುಚ್ಚಿದ್ದರು. ಭಾನುವಾರ ಗಿರಣಿ ರಜೆ, ಆ ಕಟ್ಟೆಯ ಮೇಲೆ ಕೂತು ನಮಗೆ ಕಲಿಸಿದರು. ಅವರು ಮೊದಲು ಹೇಳಿದ್ದು ಇಷ್ಟೇ: “ಸೆಲ್ಲೋ ಟೇಪ್ ಮನಿಯಾಗ ಬಿಟ್ಟು ಬರ್ರಿ.” ಟೇಪಿನ ಅಂಟು ಕೆಲವು ವರ್ಷಕ್ಕೆ ಹಳದಿಯಾಗಿ ಹಾಳೆಯೊಳಗೆ ಇಳಿಯುತ್ತದೆ. ಟೇಪು ಕಳಚಿ ಬೀಳುತ್ತದೆ, ಕಲೆ ಉಳಿಯುತ್ತದೆ. ಹರಿದ ಹಾಳೆಗೆ ತೆಳ್ಳನೆಯ ಟಿಶ್ಯೂ ಕಾಗದದ ಪಟ್ಟಿ, ಮೈದಾ ಅಂಟು, ಇಷ್ಟು ಸಾಕು.

ಅಂಟು ಮಾಡುವುದು ಹೀಗೆ. ಒಂದು ಪಾಲು ಮೈದಾವನ್ನು ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ, ಒಟ್ಟು ಐದಾರು ಪಾಲು ನೀರಾಗುವಂತೆ ಬಿಸಿನೀರು ಸೇರಿಸುತ್ತ, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಬೇಕು. ಬಿಳಿ ಹೋಗಿ ಪಾರದರ್ಶಕ ಆದಾಗ ಇಳಿಸಬೇಕು. ಹುಳ ಹತ್ತದಿರಲಿ ಅಂತ ಬೈಂಡಿಂಗ್‌ನವರು ಒಂದು ಚಿಟಿಕೆ ಮೈಲುತುತ್ತ ಹಾಕುತ್ತಾರೆ. ಅದು ವಿಷ. ಆ ಪಾತ್ರೆ ಮತ್ತೆ ಅಡುಗೆಗೆ ಬರಬಾರದು, ಮಕ್ಕಳು ಮುಟ್ಟಬಾರದು. ತಾಮ್ರದ ಅಂಶ ಕಾಗದವನ್ನು ನಿಧಾನಕ್ಕೆ ಕೆಡಿಸುವುದೂ ಉಂಟು. ಹಾಗಾಗಿ ಅದನ್ನು ಹೊರಗಿನ ರಟ್ಟಿಗೆ ಮಾತ್ರ ಬಳಸುತ್ತೇವೆ. ಒಳಗಿನ ಹಾಳೆಗೆ ಬರೀ ಮೈದಾ ಅಂಟು, ಅಂದಂದಿನದು ಅಂದಂದಿಗೆ.

ಹೊಲಿಗೆಗೆ ಎರಡು ದಾರಿ. ಒಂದು ಫಾರಂ ಅಂದರೆ ಸಾಮಾನ್ಯವಾಗಿ 16 ಪುಟ, ಒಂದೇ ದೊಡ್ಡ ಹಾಳೆ ಮಡಚಿದ್ದು. ಫಾರಂಗಳು ಗಟ್ಟಿ ಇದ್ದರೆ ಮಡಿಕೆಯ ನಡುವೆ ದಾರ ಹಾಯಿಸಿ ಒಂದಕ್ಕೊಂದು ಕಟ್ಟುತ್ತ ಹೋಗಬೇಕು. ಇಂಥ ಪುಸ್ತಕ ಪೂರ್ತಿ ಅಗಲವಾಗಿ ತೆರೆದುಕೊಳ್ಳುತ್ತದೆ. ಬಿಡಿ ಹಾಳೆ ಆಗಿದ್ದರೆ ಬೆನ್ನಿನಿಂದ ಕಾಲು ಇಂಚು ಒಳಗೆ ದಬ್ಬಣದಿಂದ ತೂತು ಮಾಡಿ ಪಕ್ಕದಿಂದ ಹೊಲಿಯುವುದು. ಇದು ಗಟ್ಟಿ, ಆದರೆ ಒಳಗಿನ ಅಂಚು ಕಡಿಮೆಯಾಗಿ ಅಕ್ಷರ ಬೆನ್ನಿಗೆ ಸಿಕ್ಕಿಕೊಳ್ಳುವ ಅಪಾಯ ಇದೆ. ಹೊಲಿಯುವ ಮೊದಲು ತೆರೆದು ನೋಡಿಕೊಳ್ಳಿ. ಉರ್ದು ಪುಸ್ತಕ ಬಲದಿಂದ ತೆರೆಯುತ್ತದೆ, ಅದರ ಬೆನ್ನು ಬಲಗಡೆಗೆ. ದಾರಕ್ಕೆ ಮೇಣ ಹಚ್ಚಿದರೆ ಗಂಟು ಬೀಳುವುದಿಲ್ಲ, ಹಾಳೆ ಕೊಯ್ಯುವುದಿಲ್ಲ. ಬೆನ್ನಿಗೆ ಜಾಳು ಬಟ್ಟೆ, ಅದರ ಮೇಲೆ ರಟ್ಟು, ರಟ್ಟಿನ ಮೇಲೆ ಬೈಂಡಿಂಗ್ ಬಟ್ಟೆ. ಆಮೇಲೆ ಒಂದು ರಾತ್ರಿ ಭಾರದ ಕೆಳಗೆ. ನಮ್ಮಲ್ಲಿ ಭಾರಕ್ಕೆ ಗಿರಣಿಯ ಹಳೆಯ ಬೀಸುಕಲ್ಲೇ ಇದೆ.

ಚೆನ್ನಾಗಿ ಹೊಲಿದು ರಟ್ಟು ಕಟ್ಟಿದ ಪುಸ್ತಕ ತಿರುಗಿ ಬರುತ್ತದೆ, ಮೂಲೆ ಮುದುರಿದ, ಮುಖಪುಟ ಇಲ್ಲದ ಪುಸ್ತಕ ಬರುವುದು ಕಡಿಮೆ. ಇದನ್ನು ತಿಂಗಳುಗಟ್ಟಲೆ ಗಮನಿಸಿಯೇ ಹೇಳುತ್ತಿದ್ದೇನೆ. ಯಾರೋ ಕೈಯಾರೆ ಮಾಡಿದ್ದಾರೆ ಅಂತ ಕಂಡರೆ ಜನ ಜೋಪಾನ ಮಾಡುತ್ತಾರೆ. ಒಬ್ಬ ಅಜ್ಜಿ ತಾನು ಒಯ್ದ ಪುಸ್ತಕಕ್ಕೆ ಹಳೆಯ ಇಳಕಲ್ ಸೀರೆಯ ಸೆರಗಿನ ತುಂಡಿನಿಂದ ಹೊದಿಕೆ ಹೊಲಿದು ತಂದರು. ಅದಾದ ಮೇಲೆ ಹಳೆಯ ಸೀರೆ, ಕುಪ್ಪಸದ ಖಣದ ತುಂಡುಗಳನ್ನು ಬೈಂಡಿಂಗ್‌ಗೆ ಕೊಡುವುದು ಓಣಿಯಲ್ಲಿ ರೂಢಿಯೇ ಆಯಿತು.

ಪಟ್ಟಿ

ದುಡ್ಡಿನ ವಿಷಯಕ್ಕೆ ಬರುತ್ತೇನೆ. ಒಬ್ಬ ದೊಡ್ಡ ಮನುಷ್ಯರಿಂದ ಎಲ್ಲ ಖರ್ಚು ಇಸಿದುಕೊಂಡು ಅವರ ಹೆಸರು ದೊಡ್ಡದಾಗಿ ಬರೆಸುವ ದಾರಿ ಇತ್ತು. ಬೇಡ ಅಂತ ಎಲ್ಲರೂ ಒಪ್ಪಿದೆವು. ಕೀಲಿ ಇಲ್ಲದ ಕಪಾಟನ್ನು ಓಣಿಯವರೇ ಕಾಯಬೇಕು, ಓಣಿಯವರು ಕಾಯಬೇಕಾದರೆ ಅದರಲ್ಲಿ ಎಲ್ಲರ ಹತ್ತು ರೂಪಾಯಿ ಇರಬೇಕು. ಗಣಪತಿಗೆ, ಜಾತ್ರೆಗೆ ಪಟ್ಟಿ ಎತ್ತುವಂತೆ ಮನೆಮನೆಗೆ ಹೋದೆವು. ರಸೀದಿ ಪುಸ್ತಕ ಒಬ್ಬರ ಕೈಯಲ್ಲಿ, ಹಣದ ಡಬ್ಬಿ ಇನ್ನೊಬ್ಬರ ಕೈಯಲ್ಲಿ. ಫೋನಿನಿಂದ ಹಾಕಿದವರಿಗೂ ಕಾಗದದ ರಸೀದಿ. ಪ್ರತಿ ವಾರ ಗಿರಣಿಯ ಗೋಡೆಗೆ ಜಮಾ ಖರ್ಚಿನ ಹಾಳೆ. ಈ ಹಾಳೆ ಅಂಟಿಸಲು ಶುರು ಮಾಡಿದ ಮೇಲೆ ಮೊದಲು ಕೊಡದವರೂ ಕರೆದು ಕೊಟ್ಟರು.

ಪಟ್ಟಿಯೊಂದೇ ಸಾಲದು. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ, ಊರು ತುಂಬಾ ಬಂಧುಬಳಗ. ಅದಕ್ಕೆ ಒಂದು ವಾರ ಮೊದಲು ಗಿರಣಿಯ ಮುಂದೆ ರೊಟ್ಟಿ ಮಾರಾಟ ಇಟ್ಟೆವು. ಭೋಗಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಎಲ್ಲರ ಮನೆಗೂ ಬೇಕು, ಆದರೆ ತಟ್ಟುವುದಕ್ಕೆ ಈಗ ಎಲ್ಲರಿಗೂ ಪುರುಸೊತ್ತಿಲ್ಲ. ಓಣಿಯ ಅಕ್ಕಾರು, ಮಾವಶಿಗಳು ಸರದಿ ಹಾಕಿಕೊಂಡು ಬಡಿದರು. ಸಜ್ಜಿ, ಜೋಳ ಗಿರಣಿ ಕಾಕಾ ಪುಕ್ಕಟೆ ಬೀಸಿಕೊಟ್ಟರು. ಕಡಕ್ ಜೋಳದ ರೊಟ್ಟಿ ಹತ್ತರ ಕಟ್ಟು, ಶೇಂಗಾ ಹಿಂಡಿ (ಚಟ್ನಿಪುಡಿ), ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಶೇಂಗಾ ಹೋಳಿಗೆ. ಪುಣೆಗೆ, ಬೆಂಗಳೂರಿಗೆ ಹೊರಟವರು ಕಟ್ಟುಗಟ್ಟಲೆ ಒಯ್ದರು. ಕಡಕ್ ರೊಟ್ಟಿ ತಿಂಗಳಿದ್ದರೂ ಕೆಡುವುದಿಲ್ಲವಲ್ಲ. ಮುಂದೆ ಯಾರಾದರೂ ಇಂಥ ಮಾರಾಟ ಇಟ್ಟರೆ ಹೋಳಿಗೆಗಿಂತ ಹಿಂಡಿ, ಕಡಕ್ ರೊಟ್ಟಿ ಜಾಸ್ತಿ ಮಾಡಿ. ಉಳಿದರೂ ಮರುವಾರ ಮಾರಬಹುದು, ಹೋಳಿಗೆ ಹಾಗಲ್ಲ.

ಇನ್ನೊಂದು ಉಪಾಯ ನಮ್ಮ ಓಣಿಯ ನಿವೃತ್ತ ಟೀಚರ್ ಬಾಯಿಯವರದು. ಒಂದು ಪುಸ್ತಕದ ಬೈಂಡಿಂಗ್ ಖರ್ಚು ಕೊಟ್ಟವರು ಅದರ ಒಳರಟ್ಟಿನ ಮೇಲೆ ತಮಗೆ ಬೇಕಾದವರ ನೆನಪಿಗೆ ಒಂದು ಸಾಲು ಬರೆಯಬಹುದು. ಅಕ್ಷರ ಕಲಿಸಿದ ಅವ್ವನ ನೆನಪಿಗೆ, ಕತೆ ಹೇಳುತ್ತಿದ್ದ ಅಜ್ಜನ ನೆನಪಿಗೆ, ಹೀಗೆ. ಎಲ್ಲಕ್ಕಿಂತ ಜಾಸ್ತಿ ಹಣ ಇದರಿಂದಲೇ ಬಂತು.

ರೊಟ್ಟಿ ಮಾರಾಟದ ದಿನ ಅವರೇ ನಿಂತು ಫ.ಗು. ಹಳಕಟ್ಟಿಯವರ ವಿಷಯ ಹೇಳಿದರು. ಹಳ್ಳಿ ಹಳ್ಳಿ ತಿರುಗಿ ವಚನಗಳ ತಾಳೆಗರಿ ಕೂಡಿಸಿದವರು, ಅವನ್ನು ಅಚ್ಚು ಹಾಕಿಸಲು ಇದೇ ವಿಜಯಪುರದಲ್ಲಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದರು, ಅದಕ್ಕಾಗಿ ಮನೆಯನ್ನೇ ಮಾರಿದರು, ಮರುವರ್ಷ ಶಿವಾನುಭವ ಪತ್ರಿಕೆ ಶುರು ಮಾಡಿದರು. ಪುಸ್ತಕಕ್ಕಾಗಿ ಮನೆ ಮಾರಿದವರ ಊರಿನವರು ನಾವು ಅಂತ ಟೀಚರ್ ಅಂದಾಗ, ಕಟ್ಟು ತಗೊಂಡು ಹೊರಟಿದ್ದ ಕೆಲವರು ತಿರುಗಿ ಬಂದು ಡಬ್ಬಿಗೆ ಹಾಕಿದರು.

ಒಟ್ಟು ಖರ್ಚಿನಲ್ಲಿ ಕಪಾಟು, ಬುನಾದಿ, ಗಾಜು, ಬಣ್ಣ ಸೇರಿ 14,000 ರೂಪಾಯಿಯ ಆಸುಪಾಸು ಬಿತ್ತು, ಅದರಲ್ಲಿ ಗಾಜು, ವೆಲ್ಡಿಂಗ್ ಎರಡೇ ಅರ್ಧ. ಉಳಿದದ್ದೆಲ್ಲ ರಟ್ಟು, ದಾರ, ಬಟ್ಟೆಗೆ ಮೀಸಲು. ಅದನ್ನು ಬೇರೆ ಯಾವುದಕ್ಕೂ ಮುಟ್ಟುವುದಿಲ್ಲ ಅಂತ ಹಾಳೆಯ ಮೇಲೇ ಬರೆದಿದ್ದೇವೆ.

ದಿನದ ನೋಡಿಕೊಳ್ಳುವಿಕೆ

ಪ್ರತಿ ಪುಸ್ತಕದ ಮೊದಲ ಪುಟ, ಕೊನೆಯ ಪುಟ, ನಡುವಿನ ಒಂದು ಪುಟಕ್ಕೆ ಶಿಕ್ಕಾ ಹೊಡೆಯುತ್ತೇವೆ. ಸುತ್ತಲಿನ ರದ್ದಿ ಅಂಗಡಿಗಳಿಗೆ ಹೋಗಿ ಶಿಕ್ಕಾ ತೋರಿಸಿ, ಇದಿದ್ದರೆ ಕೊಳ್ಳಬೇಡಿ ಅಂತ ಕೇಳಿಕೊಂಡೆವು. ಒಮ್ಮೆ ಒಂದು ಸಾಲು ಪೂರ್ತಿ ಖಾಲಿಯಾಗಿತ್ತು. ರದ್ದಿ ಅಂಗಡಿಯವರೇ ಗುರುತು ಹಿಡಿದು ಚೀಲ ಸಮೇತ ವಾಪಸ್ ಕಳಿಸಿದರು. ಕೀಲಿ ಹಾಕಿ ಅಂತ ಆಗ ಕೆಲವರು ಅಂದರು. ಹಾಕಿದರೆ ಕೀಲಿಕೈ ಯಾರ ಬಳಿ ಅನ್ನುವ ಪ್ರಶ್ನೆ ಬರುತ್ತದೆ, ಅವರು ಇಲ್ಲದ ಹೊತ್ತಿಗೆ ಬಂದ ಮಗು ಬರಿಗೈಲಿ ಹೋಗುತ್ತದೆ. ಬೇಡವೇ ಬೇಡ.

ಧೂಳು ಒರೆಸುವುದು ವಾರಕ್ಕೊಮ್ಮೆ, ಒಣ ಬಟ್ಟೆಯಿಂದ. ಪುಸ್ತಕ ಹೊರತೆಗೆದು, ಮುಚ್ಚಿದಂತೆಯೇ ಹಿಡಿದು, ಮೇಲಂಚು ಒರೆಸಿ ಇಡುತ್ತೇವೆ. ಸಾಲಿನಲ್ಲಿ ಎರಡು ಬೆರಳು ಸಂದು ಇರಬೇಕು. ಬಿಗಿಯಾಗಿ ತುರುಕಿದರೆ ಎಳೆಯುವಾಗ ಬೆನ್ನಿನ ಬಟ್ಟೆ ಹರಿಯುತ್ತದೆ. ಒಣ ಬೇವಿನ ಎಲೆಯ ಗಂಟು ಪ್ರತಿ ಖಣದಲ್ಲೂ ಇದೆ, ಆದರೆ ಅದನ್ನೇ ನಂಬಿ ಕೂರುವುದಿಲ್ಲ. ಹಿಟ್ಟು, ಧೂಳು ಇಲ್ಲದಿದ್ದರೇ ಹುಳ ದೂರ ಇರುತ್ತವೆ. ಮಕ್ಕಳು ಕೈ ಹಾಕುವ ಜಾಗದಲ್ಲಿ ನುಸಿಗುಳಿಗೆ ಬೇಡ ಅಂತ ನಿರ್ಧರಿಸಿದ್ದೇವೆ.

ಸೆಪ್ಟೆಂಬರಿನ ದೊಡ್ಡ ಮಳೆಗೆ ಒಳಗೆ ನೀರು ಬರಲಿಲ್ಲ. ಆದರೆ ಪೂರ್ವ ಬದಿಯ ಬಾಗಿಲಿನ ಕೆಳಮೂಲೆಯಲ್ಲಿ ಬೀಡಿಂಗ್ ಬಿಟ್ಟುಕೊಂಡಿದೆ. ಅಂಟಿನ ಪಟ್ಟಿಯ ಬದಲು ಅಲ್ಲಿ ತಗಡಿನ ಅಂಚಿಗೆ ಕಚ್ಚಿಕೊಳ್ಳುವ ಬೀಡಿಂಗ್ ಹಾಕಬೇಕು. ಉರ್ದು, ಮರಾಠಿ ಪುಸ್ತಕಗಳಿಗೆ ಈಗಿರುವ ಅರ್ಧ ಸಾಲು ಸಾಲುತ್ತಿಲ್ಲ. ರೈಲ್ವೆ ಸ್ಟೇಷನ್ ಕಡೆಯ ಓಣಿಯವರು ಎರಡನೇ ಕಪಾಟಿಗೆ ಗುಜರಿಯಲ್ಲಿ ಇಂಥದ್ದೇ ಒಂದನ್ನು ನೋಡಿಟ್ಟಿದ್ದಾರೆ. ಅದರ ಬಾಗಿಲು ರಸ್ತೆಯ ಕಡೆ ಚಾಚದಂತೆ ಜಾರುವ ಬಾಗಿಲು ಮಾಡಬೇಕಾಗುತ್ತದೆ, ಹಾಗಾಗಿ ಬೀಡಿಂಗ್ ಬದಲು ಬ್ರಷ್ ಪಟ್ಟಿ ಬೇಕು. ಅದಕ್ಕೆ ಪಟ್ಟಿ ಈ ಸಲದ ಸಂಕ್ರಾಂತಿಯ ರೊಟ್ಟಿಯಿಂದಲೇ. ಸಜ್ಜಿ ಯಾರು ತರಬೇಕು ಅನ್ನುವುದು ಆಗಲೇ ಮಾತಾಗಿದೆ.